ಎರಡು ಸಲ ಬೊಗಳಿದರೆ ಜೋರು

ನಮ್ಮ ಹಾಸ್ಟೆಲ್‌ನಲ್ಲಿ ಎರಡು ಪಾರ್ಟಿ ಇವೆ. ಭಾನುವಾರ ಸಂಜೆ ಒಂದೇ ಲ್ಯಾಪ್‌ಟಾಪ್ ಮುಂದೆ ಹತ್ತು ಜನ ಗುಂಪಾಗಿ ಕೂತು, ವೈಫೈ ನಿಂತಾಗಲೆಲ್ಲ ವಾರ್ಡನ್‌ಗೆ ಶಾಪ ಹಾಕುತ್ತಾ ಫಾರ್ಮುಲಾ ಒನ್ ನೋಡುವವರದು ಒಂದು ಪಾರ್ಟಿ. ಮೆಸ್ಸಿನಿಂದ ಚಪಾತಿ ಜೇಬಿಗಿಳಿಸಿಕೊಂಡು ಬಂದು ಗೇಟ್ ಹತ್ತಿರದ ನಾಯಿಗಳಿಗೆ ಹಾಕುವವರದು ಇನ್ನೊಂದು. ಈ ಎರಡು ಪಾರ್ಟಿಗಳು ಸಾಮಾನ್ಯವಾಗಿ ಒಬ್ಬರ ತಂಟೆಗೆ ಒಬ್ಬರು ಹೋಗಲ್ಲ. ಆದರೆ ಇಬ್ಬರೂ ಓದಲೇಬೇಕಾದ ಒಂದು ಕಾದಂಬರಿ ಇದೆ. ಅದನ್ನು ನಿಮ್ಮ ಕೈಗೆ ಹೇಗಾದರೂ ಹಿಡಿಸಬೇಕು ಅಂತಲೇ ಈ ಬರಹ.

ಮೊದಲು ‘ನಾವು’ ಅಂದರೆ ಯಾರು ಅಂತ ಹೇಳಿಬಿಡ್ತೀವಿ. ನಾವು ರೂಮ್‌ಮೇಟ್ಸ್, ಮೆಕ್ಯಾನಿಕಲ್ ಎರಡನೇ ವರ್ಷ. ಒಬ್ಬರ ಊರು ಚಳ್ಳಕೆರೆ ಕಡೆಯ ಒಂದು ಹಟ್ಟಿ, ಇನ್ನೊಬ್ಬರದು ಮೊಳಕಾಲ್ಮೂರು. ಬರೆಯುತ್ತಿರುವ ಕೈ ಒಂದೇ, ಆದರೆ ಪುಸ್ತಕ ಓದಿದ್ದು, ಅದರ ಬಗ್ಗೆ ಜಗಳ ಆಡಿದ್ದು, ರಜೆಯಲ್ಲಿ ಅದನ್ನು ಊರಿಗೆ ಹೊತ್ತುಕೊಂಡು ಹೋಗಿದ್ದು ಇಬ್ಬರೂ. ಇಬ್ಬರದೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೆಯೋದು ಇದೇ ಮೊದಲು. ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ಮಳೆಯಲ್ಲಿ ಟೈರ್ ಜಾರಿದ ಹಾಗೆ ಅಂದುಕೊಳ್ಳಿ.

ಪುಸ್ತಕದ ಹೆಸರು ‘ದಿ ಆರ್ಟ್ ಆಫ್ ರೇಸಿಂಗ್ ಇನ್ ದ ರೇನ್’. ಬರೆದವರು ಅಮೆರಿಕದ ಗಾರ್ತ್ ಸ್ಟೈನ್. ಬಂದಿದ್ದು 2008ರಲ್ಲಿ. ಸಿಯಾಟಲ್ ಅನ್ನೋ, ಯಾವಾಗ ನೋಡಿದರೂ ಮಳೆ ಸುರಿಯುವ ಊರಲ್ಲಿ ನಡೆಯುವ ಕಥೆ. ಕಥೆ ಹೇಳೋದು ಒಂದು ನಾಯಿ. ಅದರ ಹೆಸರು ಎನ್ಜೊ. ಫೆರಾರಿ ಕಂಪನಿ ಕಟ್ಟಿದ ಎನ್ಜೊ ಫೆರಾರಿಯ ಹೆಸರನ್ನೇ ಇಟ್ಟಿದ್ದಾರೆ. ಅದರ ಯಜಮಾನ ಡೆನ್ನಿ ಸ್ವಿಫ್ಟ್ ದಿನವೆಲ್ಲಾ ಗ್ಯಾರೇಜಿನಲ್ಲಿ ಕೆಲಸ ಮಾಡ್ತಾನೆ, ಅವಕಾಶ ಸಿಕ್ಕಾಗ ರೇಸ್ ಓಡಿಸ್ತಾನೆ. ದೊಡ್ಡ ರೇಸರ್ ಆಗುವ ಕೈ ಅವನದು, ಆದರೆ ದುಡ್ಡಿಲ್ಲ. ಹೆಂಡತಿ ಈವ್, ಪುಟ್ಟ ಮಗಳು ಜೋಯಿ. ಕಥೆ ಶುರುವಾಗುವಾಗ ಎನ್ಜೊಗೆ ವಯಸ್ಸಾಗಿದೆ, ಎದ್ದು ಓಡಾಡೋದೇ ಕಷ್ಟ. ಅಲ್ಲಿಂದ ಹಿಂದಕ್ಕೆ ಹೋಗಿ ಆ ಮನೆಯ ಕಥೆಯನ್ನು ಅದು ಹೇಳುತ್ತೆ. ಈವ್‌ಗೆ ಮಿದುಳಿನ ಕಾಯಿಲೆ ಬರುತ್ತೆ. ಆಮೇಲೆ ಮಗಳು ಯಾರ ಹತ್ತಿರ ಬೆಳೀಬೇಕು ಅಂತ ಡೆನ್ನಿಗೂ ಅವನ ಅತ್ತೆ ಮಾವನಿಗೂ ಕೋರ್ಟಿನಲ್ಲಿ ದೊಡ್ಡ ಹೋರಾಟ ಆಗುತ್ತೆ. ಅಷ್ಟು ಸಾಕು, ಮುಂದಿನದನ್ನು ನೀವೇ ಓದಿ.

ಎನ್ಜೊ ದಿನವೆಲ್ಲಾ ಮನೆಯಲ್ಲಿ ಒಂಟಿಯಾಗಿ ಟಿವಿ ನೋಡುತ್ತೆ. ಡೆನ್ನಿ ಹಚ್ಚಿಟ್ಟು ಹೋದ ರೇಸ್ ವಿಡಿಯೊ, ಡಾಕ್ಯುಮೆಂಟರಿ, ಎಲ್ಲಾ. ಒಂದು ಡಾಕ್ಯುಮೆಂಟರಿಯಲ್ಲಿ ಮಂಗೋಲಿಯಾದವರ ನಂಬಿಕೆಯೊಂದು ಅದರ ಕಣ್ಣಿಗೆ ಬೀಳುತ್ತೆ: ತಯಾರಾದ ನಾಯಿ ಮುಂದಿನ ಜನ್ಮದಲ್ಲಿ ಮನುಷ್ಯನಾಗುತ್ತೆ. ಅವತ್ತಿಂದ ಎನ್ಜೊ ಸೆಮಿಸ್ಟರ್ ಎಕ್ಸಾಮಿಗೆ ಓದುವ ಹಾಗೆ ಮನುಷ್ಯನಾಗಲು ತಯಾರಿ ನಡೆಸುತ್ತೆ. ಅದಕ್ಕೆ ದೇವರ ಮೇಲೆ ಇರುವ ದೂರು ಎರಡೇ. ಒಂದು, ಹಿಡಿಯೋಕೆ ಹೆಬ್ಬೆರಳು ಕೊಡಲಿಲ್ಲ. ಇನ್ನೊಂದು, ಇಷ್ಟುದ್ದ ಚಪ್ಪಟೆ ನಾಲಿಗೆ ಕೊಟ್ಟ, ಅದರಲ್ಲಿ ಒಂದು ಮಾತೂ ಹೊರಡಲ್ಲ. ಎಲ್ಲಾ ಅರ್ಥ ಆಗುತ್ತೆ, ಏನೂ ಹೇಳೋಕಾಗಲ್ಲ. ಈವ್‌ಗೆ ಏನೋ ಆಗಿದೆ ಅಂತ ಡಾಕ್ಟರಿಗಿಂತ ಮುಂಚೆ ಅದರ ಮೂಗಿಗೆ ಗೊತ್ತಾಗುತ್ತೆ. ಯಾರಿಗೆ, ಹೇಗೆ ಹೇಳೋದು?

ಈಗ ರೇಸ್ ಪಾರ್ಟಿಯವರಿಗೆ. ಈ ಕಾದಂಬರಿಯಲ್ಲಿ ರೇಸ್ ಸುಮ್ಮನೆ ಅಲಂಕಾರಕ್ಕೆ ಬಂದಿಲ್ಲ. ಗಾರ್ತ್ ಸ್ಟೈನ್ ಸ್ವತಃ ರೇಸ್ ಓಡಿಸಿದವರು, ಮಳೆಯಲ್ಲಿ ಕಾರು ಗುದ್ದಿಸಿಕೊಂಡವರು. ಮಳೆ ರೇಸ್ ಬಗ್ಗೆ ನಾವು ಕ್ಲಾಸಿನಲ್ಲಿ ಕೇಳಿದ್ದಕ್ಕೂ ಅದಕ್ಕೂ ಒಳ್ಳೆ ಹೊಂದಾಣಿಕೆ ಇದೆ. ಒಣ ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ಗೆರೆಯಲ್ಲಿ ಓಡಿಸಿ ಓಡಿಸಿ, ಟೈರಿನ ರಬ್ಬರ್ ಆ ಗೆರೆಗೆ ಅಂಟಿಕೊಂಡಿರುತ್ತೆ. ಒಣಗಿದ್ದಾಗ ಅಲ್ಲೇ ಹಿಡಿತ ಹೆಚ್ಚು. ಮಳೆ ಬಂತೋ, ಅದೇ ಗೆರೆ ಗಾಜಿನ ಹಾಗೆ ನುಣುಪು. ಆಗ ಜಾಣ ಚಾಲಕ ಎಲ್ಲರೂ ಓಡಿಸುವ ಗೆರೆ ಬಿಟ್ಟು ಆಚೆ ಹಿಡಿತ ಹುಡುಕ್ತಾನೆ. ಫಾರ್ಮುಲಾ ಒನ್‌ನ ನೀಲಿ ಪಟ್ಟಿಯ ಫುಲ್ ವೆಟ್ ಟೈರ್ 300 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರು ಪಕ್ಕಕ್ಕೆ ತಳ್ಳುತ್ತೆ ಅಂತ ಪಿರೆಲ್ಲಿಯವರು ಹೇಳ್ತಾರೆ. ನಾಲ್ಕು ಬಿಂದಿಗೆಗೂ ಜಾಸ್ತಿ ನೀರು, ಒಂದು ಟೈರು, ಒಂದು ಸೆಕೆಂಡು. ಅಷ್ಟಾದರೂ ನೀರು ಉಳಿದರೆ ಟೈರ್ ನೆಲ ಬಿಟ್ಟು ನೀರಿನ ಮೇಲೆ ತೇಲುತ್ತೆ. ಆಮೇಲೆ ಸ್ಟೀರಿಂಗ್ ತಿರುಗಿಸಿದರೂ ಒಂದೇ, ಕೈ ಮುಗಿದು ಕೂತರೂ ಒಂದೇ.

ಡೆನ್ನಿಯ ಗುಟ್ಟು ಇರೋದು ಇಲ್ಲೇ. ಒದ್ದೆ ಟ್ರ್ಯಾಕಿನಲ್ಲಿ ಕಾರು ಜಾರೋದಂತೂ ಗ್ಯಾರಂಟಿ. ಅದು ತಾನಾಗಿ ಜಾರೋ ಮುಂಚೆ ಚಾಲಕನೇ ಬೇಕಂತ ಜಾರಿಸಿದರೆ, ಯಾವಾಗ ಜಾರಿತು, ಎಷ್ಟು ಜಾರಿತು ಅನ್ನೋದು ಅವನಿಗೆ ಗೊತ್ತಿರುತ್ತೆ, ಗಾಬರಿ ಇರಲ್ಲ. ಇನ್ನೊಂದು ಮಾತು: ಕಣ್ಣು ಎಲ್ಲಿ ನೋಡುತ್ತೋ ಕೈ ಕಾರನ್ನು ಅಲ್ಲಿಗೇ ಒಯ್ಯುತ್ತೆ. ಗೋಡೆ ನೋಡಿದವನು ಗೋಡೆಗೇ ಹೋಗ್ತಾನೆ. ತಿರುವಿನ ಆಚೆ ದಾರಿ ನೋಡಿದವನು ದಾರಿಗೆ ಬರ್ತಾನೆ. ಬೈಕ್ ಕಲಿಯುವಾಗ ಗುಂಡಿ ತಪ್ಪಿಸಬೇಕು ಅಂತ ಗುಂಡಿಯನ್ನೇ ದಿಟ್ಟಿಸಿ ಅದರೊಳಕ್ಕೇ ಇಳಿಸಿದವರಿಗೆ ಇದನ್ನು ಬಿಡಿಸಿ ಹೇಳೋದು ಬೇಡ. ಫಾರ್ಮುಲಾ ಭಾರತ್‌ಗೆ ಕಾರು ಕಟ್ಟಿ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಓಡಿಸುವ ಕನಸಿರುವವರು ಈ ಪುಟಗಳನ್ನು ಎರಡು ಸಲ ಓದಿ.

ಎನ್ಜೊಗೆ ಅಯರ್ಟನ್ ಸೆನ್ನಾ ಅಂದರೆ ದೇವರು. ಯಾಕೆ ಅಂತ ತಿಳಿಯಬೇಕಿದ್ದರೆ 1993ರ ಏಪ್ರಿಲ್ 11ರ ಡಾನಿಂಗ್ಟನ್ ರೇಸಿನ ಮೊದಲ ಲ್ಯಾಪ್ ಹುಡುಕಿ ನೋಡಿ. ಒದ್ದೆ ಟ್ರ್ಯಾಕು. ಶುರುವಿನಲ್ಲಿ ಐದನೇ ಜಾಗಕ್ಕೆ ಜಾರಿದ ಸೆನ್ನಾ, ಆ ಒಂದೇ ಲ್ಯಾಪ್ ಮುಗಿಯುವಷ್ಟರಲ್ಲಿ ನಾಲ್ಕು ಕಾರು ದಾಟಿ ಮೊದಲನೆಯವನಾಗಿದ್ದ. ಮಾರನೇ ವರ್ಷ ಮೇ 1ರಂದು ಇಮೋಲಾದಲ್ಲಿ ಅವನು ಸತ್ತ. ನಾವು ಹುಟ್ಟೋಕೆ ಎಷ್ಟೋ ವರ್ಷ ಮುಂಚಿನ ಮಾತು. ಆದರೂ ಆ ವಿಡಿಯೊ ಮೊದಲ ಸಲ ನೋಡಿದ ರಾತ್ರಿ ನಾವು ಅದನ್ನೇ ಏಳು ಸಲ ಹಿಂದಕ್ಕೆ ಹಾಕಿ ನೋಡಿದ್ವಿ.

‘ಮಳೆ ರೇಸ್ ಅಂತೆ, ನೀವು ಚಳ್ಳಕೆರೆಯವರು ಮಳೆ ಎಲ್ಲಿ ನೋಡಿದೀರಾ?’ ಅಂತ ಮಲೆನಾಡಿನ ಸ್ನೇಹಿತರು ಕಿಚಾಯಿಸ್ತಾರೆ. ಸರಿ, ಒಪ್ಕೋತೀವಿ. ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಜಾಗಗಳ ಪಟ್ಟಿ ತೆಗೆದರೆ ನಮ್ಮ ತಾಲ್ಲೂಕುಗಳು ಅದರಲ್ಲಿ ಇರುತ್ತವೆ. ಆದರೆ ಹಿರಿಯೂರಿನಿಂದ ಬಳ್ಳಾರಿ ಕಡೆ ಹೋಗುವ ಹೈವೇಯಲ್ಲಿ ತಿಂಗಳುಗಟ್ಟಲೆ ಧೂಳು, ಲಾರಿ ಸುರಿಸಿದ ಎಣ್ಣೆ ಕೂತು, ಅದರ ಮೇಲೆ ಮೊದಲ ಮಳೆಯ ನಾಲ್ಕು ಹನಿ ಬಿದ್ದಾಗ ಬೈಕ್ ಓಡಿಸಿ ನೋಡಿ. ಜೋರು ಮಳೆಯಾದರೆ ಎಲ್ಲಾ ತೊಳೆದು ಹೋಗುತ್ತೆ. ಅಪಾಯ ಇರೋದು ಆ ಮೊದಲ ಹತ್ತು ನಿಮಿಷ. ಡೆನ್ನಿಯ ಪಾಠ ನಮಗೂ ಬೇಕು.

ವೇಗದ ವಿಚಾರದಲ್ಲಿ ನಮ್ಮ ಊರನ್ನು ಯಾರೂ ಕಡೆಗಣಿಸಬೇಡಿ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ, 2017ರ ಮೇನಲ್ಲಿ ಉದ್ಘಾಟನೆ ಆಯಿತು. 2024ರ ಜೂನ್ 23ರಂದು ಇಸ್ರೋದವರು ‘ಪುಷ್ಪಕ್’ ಅನ್ನೋ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು, ರನ್‌ವೇ ನೇರಕ್ಕಲ್ಲದೆ 500 ಮೀಟರ್ ಪಕ್ಕದಲ್ಲಿ, ಗಾಳಿ ಜೋರಾಗಿದ್ದಾಗಲೇ ಬಿಟ್ಟರು. ಅದರೊಳಗೆ ಯಾರೂ ಇಲ್ಲ. ತಾನೇ ದಾರಿ ತಿದ್ದಿಕೊಂಡು ಬಂದು ರನ್‌ವೇಯ ನಡುಗೆರೆಗೆ ಇಳಿಯಿತು. ಇಳಿದ ವೇಗ ಗಂಟೆಗೆ 320 ಕಿಲೋಮೀಟರಿಗೂ ಜಾಸ್ತಿ. ಸಾಮಾನ್ಯ ಪ್ರಯಾಣಿಕರ ವಿಮಾನ ಇಳಿಯೋದು 260ರ ಆಸುಪಾಸಿನಲ್ಲಿ. ಪ್ಯಾರಾಚೂಟ್ ಬಿಚ್ಚಿ ವೇಗ 100ರ ಹತ್ತಿರಕ್ಕೆ ಇಳಿದ ಮೇಲೆ ಚಕ್ರದ ಬ್ರೇಕ್ ಹಾಕಿ ನಿಂತಿತು. ಗೋಡೆ ನೋಡದೆ ದಾರಿ ನೋಡೋದು ಅಂದರೆ ಇದೇ ಅಲ್ಲವಾ? ಕಂಟ್ರೋಲ್ ಸಿಸ್ಟಮ್ಸ್ ಪೇಪರಿಗೆ ಓದುವಾಗ ನಿದ್ದೆ ಬಂದರೆ ಈ ಲ್ಯಾಂಡಿಂಗ್ ನೆನೆಸ್ಕೊಳ್ಳಿ.

ಆ ಜಾಗ ಮೊದಲಿನಿಂದ ಅಮೃತಮಹಲ್ ಕಾವಲು. ಹುಲ್ಲುಗಾವಲು. ದನ, ಕುರಿ ಮೇಯುತ್ತಿದ್ದ ನೆಲ. ಅದರಲ್ಲಿ ಸಾವಿರಾರು ಎಕರೆ ಈಗ ಡಿಆರ್‌ಡಿಒ, ಐಐಎಸ್‌ಸಿ, ಬಾರ್ಕ್, ಇಸ್ರೋಗಳ ಪಾಲಾಗಿದೆ. ಐಐಎಸ್‌ಸಿಗೆ ಕೊಟ್ಟಿದ್ದೇ 1,500 ಎಕರೆ. ಮೇವಿನ ನೆಲ ಹೋಯಿತು ಅಂತ ಸುತ್ತಲ ಹಳ್ಳಿಯವರ ಪರವಾಗಿ ಹಸಿರು ನ್ಯಾಯಮಂಡಳಿಯಲ್ಲಿ ಕೇಸೂ ನಡೆಯಿತು. ಗೋಡೆಯ ಒಳಗೆ 320ರ ವೇಗ, ಗೋಡೆಯ ಹೊರಗೆ ಇವತ್ತಿಗೂ ಕುರಿ ಮಂದೆ, ಕಂಬಳಿ ಹೊದ್ದ ಕುರುಬ, ಅವನ ಹಿಂದೆ ನಾಯಿ. ರೇಸೂ ನಾಯಿಯೂ ಒಂದೇ ಪುಸ್ತಕದಲ್ಲಿ ಹೇಗೆ ಬಂತು ಅಂತ ಬೇರೆಯವರಿಗೆ ವಿಚಿತ್ರ ಅನ್ನಿಸಬಹುದು. ನಮಗೆ ಬಸ್ಸಿನ ಕಿಟಕಿಯಲ್ಲೇ ಎರಡೂ ಕಾಣುತ್ತೆ.

ನಮ್ಮ ಕಡೆ ಕುರಿನಾಯಿಯ ಕೆಲಸ ಸಿನಿಮಾದಲ್ಲಿ ತೋರಿಸುವ ವಿದೇಶಿ ನಾಯಿಗಳ ಹಾಗೆ ಕುರಿ ಓಡಿಸಿ ಗುಂಪು ಕಟ್ಟೋದಲ್ಲ. ಕಾಯೋದು. ಕಾವಲಿನಲ್ಲಿ ತೋಳ ಇದೆ. ರಾತ್ರಿ ರೊಪ್ಪದ ಹತ್ತಿರ ಮಲಗಿದ ನಾಯಿಯ ಮುಖ ಯಾವತ್ತೂ ಕುರಿ ಕಡೆ ಇರಲ್ಲ, ತೋಳ ಬರಬಹುದಾದ ಕತ್ತಲ ಕಡೆ ಇರುತ್ತೆ.

ಈಗ ನಾಯಿ ಪಾರ್ಟಿಯವರಿಗೆ. ‘777 ಚಾರ್ಲಿ’ ನೋಡಿ ಥಿಯೇಟರಿನಲ್ಲಿ ಅತ್ತು, ಹೊರಗೆ ಬಂದು ‘ಎಸಿ ಜಾಸ್ತಿ ಇತ್ತು, ಶೀತ ಆಗಿದೆ’ ಅಂದವರೆಲ್ಲಾ ಈ ಪುಸ್ತಕ ಓದಿ. ಅಲ್ಲಿ ಧರ್ಮ ಸೈಡ್‌ಕಾರ್ ಬೈಕಿನಲ್ಲಿ ಚಾರ್ಲಿಯನ್ನು ಕೂರಿಸಿಕೊಂಡು ಹಿಮ ತೋರಿಸೋಕೆ ಹೋದ ಹಾಗೆ, ಇಲ್ಲಿ ಡೆನ್ನಿ ಒಂದು ದಿನ ಎನ್ಜೊನನ್ನು ಕಾರಿನಲ್ಲಿ ಕಟ್ಟಿ ಕೂರಿಸಿ ರೇಸ್ ಟ್ರ್ಯಾಕ್ ಮೇಲೆ ಓಡಿಸ್ತಾನೆ. ಒಪ್ಪಂದ ಇಷ್ಟೇ: ಒಂದು ಸಲ ಬೊಗಳಿದರೆ ನಿಧಾನ, ಎರಡು ಸಲ ಬೊಗಳಿದರೆ ಇನ್ನೂ ಜೋರು. ಎನ್ಜೊ ಎಷ್ಟು ಸಲ ಬೊಗಳಿತು ಅಂತ ಹೇಳಬೇಕಾಗಿಲ್ಲ ತಾನೇ. ಇಡೀ ಪುಸ್ತಕದಲ್ಲಿ ನಾಯಿಗೂ ಮನುಷ್ಯನಿಗೂ ಸರಿಯಾಗಿ ಮಾತುಕತೆ ನಡೆಯೋದು ಆ ಕೆಲವು ನಿಮಿಷ ಮಾತ್ರ.

ಕನ್ನಡದಲ್ಲಿ ನಾಯಿಗಳಿಗೇನು ಕಮ್ಮಿ ಇಲ್ಲ. ತೇಜಸ್ವಿಯವರ ಕಿವಿ ನಿಮಗೆಲ್ಲಾ ಗೊತ್ತು. ‘ಮಲೆಗಳಲ್ಲಿ ಮದುಮಗಳು’ ಓದಿದ ಸೀನಿಯರ್‌ಗಳು ನಾಯಿಗುತ್ತಿಯ ಹುಲಿಯನ ವಿಷಯ ಬಂದರೆ ಈಗಲೂ ಗಂಭೀರ ಆಗಿಬಿಡ್ತಾರೆ. ಸ್ವರ್ಗದ ಬಾಗಿಲಲ್ಲಿ ‘ನಾಯಿ ಬಿಟ್ಟು ಬರಲ್ಲ’ ಅಂತ ನಿಂತ ಧರ್ಮರಾಯನ ಕಥೆ ಅಜ್ಜಿಯರಿಂದ ಕೇಳಿದ್ದೇವೆ. ಆದರೆ ಎನ್ಜೊಗೆ ಎಲ್ಲರಿಗಿಂತ ಹತ್ತಿರದ ನೆಂಟರು ಅಂದರೆ ಮೈಲಾರಲಿಂಗನ ಗೊರವರು. ಕರಿ ಕಂಬಳಿ ತೊಟ್ಟು, ದೇವರ ನಾಯಿಗಳು ನಾವು ಅಂತ ಬೊಗಳುತ್ತಾ, ನೆಲಕ್ಕೆ ಬಗ್ಗಿ ದೋಣಿಯಲ್ಲಿ ಇಟ್ಟಿದ್ದನ್ನು ಬಾಯಲ್ಲೇ ತಿನ್ನೋ ದೋಣಿ ಸೇವೆಯನ್ನು ಜಾತ್ರೆಯಲ್ಲಿ ನೋಡಿದವರಿಗೆ ಗೊತ್ತು. ಅಮೆರಿಕದ ನಾಯಿ ಮನುಷ್ಯನಾಗಬೇಕು ಅಂತ ತಪಸ್ಸು ಮಾಡುತ್ತೆ, ನಮ್ಮ ಕಡೆ ಮನುಷ್ಯ ಭಕ್ತಿಯಿಂದ ನಾಯಿಯಾಗ್ತಾನೆ. ಇಬ್ಬರನ್ನೂ ಒಂದು ಜಾತ್ರೆಯಲ್ಲಿ ಭೇಟಿ ಮಾಡಿಸಿದ್ದರೆ ಚೆನ್ನಾಗಿರೋದು.

ಇಷ್ಟೆಲ್ಲಾ ಹೇಳಿದ್ದು ಪುಸ್ತಕ ಚೆನ್ನಾಗಿದೆ ಅನ್ನೋಕೆ. ಅದು ನಮ್ಮ ಮನೆಯಲ್ಲಿ ಒಂದು ಕೆಲಸವನ್ನೂ ಮಾಡಿಕೊಟ್ಟಿತು.

ಹಟ್ಟಿಯಲ್ಲಿ ನಮ್ಮ ತಾತ ಇದ್ದಾರೆ. ಜೀವಮಾನ ಪೂರ್ತಿ ಕುರಿ ಕಾದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದವು. ‘ಹಾಂ’ ಮತ್ತು ‘ಶಿವಾ’, ಬಾಯಿಂದ ಬರೋದು ಇವೆರಡೇ. ಮಾತು ಕಟ್ಟುವ ಜಾಗಕ್ಕೆ ಪೆಟ್ಟು ಬಿದ್ದಿದೆ, ಕೇಳಿಸಿಕೊಂಡು ಅರ್ಥ ಮಾಡಿಕೊಳ್ಳೋದು ಬಹಳಷ್ಟು ಹಾಗೇ ಉಳಿದಿರುತ್ತೆ ಅಂತ ಡಾಕ್ಟರು ಆಗಲೇ ಹೇಳಿದ್ದರು. ಆದರೆ ನೋಡೋಕೆ ಬಂದವರು ಕಿವುಡರ ಹತ್ತಿರ ಕಿರುಚುವ ಹಾಗೆ ‘ಊಟಾ ಆಯ್ತಾ’ ಅಂತ ಕೂಗೋರು, ಇಲ್ಲಾಂದರೆ ಮಂಚದ ಪಕ್ಕದಲ್ಲೇ ಕೂತು ತಾತ ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ಮಾತಾಡಿ ಹೋಗೋರು. ತಾತನ ನಾಯಿ ಕರಿಯ ಮಾತ್ರ ಅವರ ಒಂದೊಂದು ‘ಹಾಂ’ಗೂ ಬೇರೆ ಬೇರೆ ಅರ್ಥ ಹಚ್ಚಿ, ಎದ್ದು ಹೋಗೋದು, ಬರೋದು, ಕೂರೋದು ಮಾಡ್ತಿತ್ತು.

ಮೂರನೇ ಸೆಮ್ ಮುಗಿದ ರಜೆಯಲ್ಲಿ ಇಬ್ಬರೂ ಹಟ್ಟಿಗೆ ಹೋದ್ವಿ. ರಾತ್ರಿ ತಾತನ ಮಂಚದ ಪಕ್ಕ ಚಾಪೆ ಹಾಕಿಕೊಂಡು ಪುಸ್ತಕ ಗಟ್ಟಿಯಾಗಿ ಓದುತ್ತಿದ್ವಿ, ಒಬ್ಬರು ಒಂದು ಅಧ್ಯಾಯ. ಎರಡನೇ ರಾತ್ರಿ ತಾತ ‘ಹಾಂ, ಹಾಂ’ ಅಂತ ಪುಸ್ತಕದ ಕಡೆ ಎಡಗೈ ತೋರಿಸಿದರು. ನಾಯಿ ಕಥೆ ತಾತ, ನಾಯೀನೇ ಹೇಳ್ತದೆ ಅಂದ್ವಿ. ಅವತ್ತಿಂದ ಓದಿದ್ದನ್ನೆಲ್ಲಾ ನಮ್ಮ ಕನ್ನಡದಲ್ಲಿ ಹೇಳಬೇಕಾಯಿತು. ಪಿಟ್ ಸ್ಟಾಪ್ ಅಂದರೆ ಹೇಗೆ ಹೇಳೋದು? ‘ಓಡ್ತಿರೋ ಕಾರು ಬಂದು ನಿಂತ್ಕಂತದೆ ತಾತ, ನಾಕೂ ಚಕ್ರ ಬದಲಾಯಿಸ್ತಾರೆ, 2023ರಲ್ಲಿ ಮೆಕ್‌ಲಾರೆನ್‌ನೋರು 1.80 ಸೆಕೆಂಡಿಗೆ ಮುಗಿಸವ್ರೆ.’ ಟ್ರ್ಯಾಕ್ಟರ್ ಪಂಕ್ಚರಿಗೆ ಅರ್ಧ ದಿನ ಕಾಯೋದು ಕಂಡ ತಾತ ನಮ್ಮನ್ನು ನೋಡಿದ ನೋಟ ಇದೆಯಲ್ಲ, ಅದಕ್ಕೆ ಮಾತೇ ಬೇಕಾಗಿರಲಿಲ್ಲ. ಕಾಯಿಲೆ ಗಾಬರಿಯಲ್ಲಿ ಈವ್ ಮಗಳನ್ನು ಕರಕೊಂಡು ಹೋಗಿ, ಎನ್ಜೊ ಮನೆಯಲ್ಲಿ ಅನ್ನ ನೀರಿಲ್ಲದೆ ದಿನಗಟ್ಟಲೆ ಒಂಟಿಯಾಗಿ ಉಳಿಯುವ ಭಾಗ ಬಂದಾಗ ತಾತ ತಡೆಯಲಿಲ್ಲ. ಬಾಗಿಲ ಕಡೆ ಕೈ ತೋರಿಸಿ ‘ಶಿವಾ’ ಅಂದರು. ಅಜ್ಜಿ ಎದ್ದು ಹೋಗಿ ಕರಿಯನಿಗೆ ಮುದ್ದೆ ಹಾಕಿದ ಮೇಲೇ ಕಥೆ ಮುಂದುವರೀತು.

ಮನೆಯಲ್ಲಿ ಆಗ ಒಂದು ವಿಷಯ ಎಲ್ಲರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಕುರಿ ಮಾರಬೇಕು. ಮೇಯಿಸೋರಿಲ್ಲ. ದೊಡ್ಡಪ್ಪನಿಗೆ ಮಂಡಿ ನೋವು, ನಾವು ಇಂಜಿನಿಯರಿಂಗ್ ಅಂತ ಬೆಂಗಳೂರು ಸೇರಿದ್ದೇವೆ. ರಾಯದುರ್ಗದ ಕಡೆಯವರೊಬ್ಬರು ಕೇಳ್ತಾನೇ ಇದ್ದರು. ತಾತನಿಗೆ ಎದೆ ಒಡೆಯುತ್ತೆ ಅಂತ ಹೆದರಿ ಆರು ತಿಂಗಳಿಂದ ಯಾರೂ ಬಾಯಿ ಬಿಟ್ಟಿರಲಿಲ್ಲ. ಅವತ್ತು ದೊಡ್ಡಪ್ಪ ಹೊರಗೆ ಕಟ್ಟೆ ಮೇಲೆ ಪಿಸಪಿಸ ಅಂತ ಲೆಕ್ಕ ಹಾಕ್ತಿದ್ದಾಗ ನಾವು ಹೋಗಿ ‘ದೊಡ್ಡಪ್ಪ, ತಾತನ್ನೇ ಕೇಳಾನ’ ಅಂದ್ವಿ.

‘ಕೇಳಿದ್ರೆ ಎಂಗಲೇ ಹೇಳ್ತಾರೆ ಅವ್ರು?’

ಎನ್ಜೊ ಹೇಳಿದ ಹಾಗೆ. ತಾತನಿಗೆ ಟ್ರ್ಯಾಕಿನ ಕಥೆ ಹಿಂದಿನ ರಾತ್ರಿಯೇ ಹೇಳಿ ಆಗಿತ್ತು. ಎಡಗೈಯಲ್ಲಿ ಮಂಚದ ಪಟ್ಟಿ ಒಂದು ಸಲ ತಟ್ಟಿದರೆ ಬೇಡ, ಎರಡು ಸಲ ತಟ್ಟಿದರೆ ಹೂಂ. ಎಲ್ಲರೂ ಒಳಗೆ ಬಂದು ನಿಂತರು. ‘ತಾತ, ಕುರಿ ಕೊಟ್ಬಿಡಾನ?’ ಕೇಳಿ ಬಾಯಿ ಮುಚ್ಚುವ ಮುಂಚೆ ಎರಡು ಸಲ ತಟ್ಟಿದರು. ಆರು ತಿಂಗಳ ಭಯ ಎರಡು ಏಟಿಗೆ ಮುಗೀತು. ದೊಡ್ಡಪ್ಪ ಅಲ್ಲೇ ಕೂತುಬಿಟ್ಟರು.

ಆಮೇಲೆ, ಕೇಳೋದೇ ಬೇಡ ಅನ್ನಿಸಿದರೂ ಕೇಳಿದ್ವಿ: ‘ಕರಿಯ ನಿಮ್ಮ ತಾವೇ ಇರ್ಲಲ್ವಾ ತಾತ?’

ತಾತ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು. ಕೈ ಎತ್ತಿ ಒಂದೇ ಸಲ ತಟ್ಟಿದರು.

ನಮಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಬೇರೆ ಥರ ಕೇಳಿದ್ವಿ. ‘ಕುರಿ ಜತೀಗೆ ಹೋಗ್ಲಾ?’ ಎರಡು ಸಲ. ಯಾರಿಗೂ ಏನೂ ತೋಚಲಿಲ್ಲ. ಅಜ್ಜಿ ಮಾತ್ರ ಸೆರಗಿನಲ್ಲಿ ಮೂಗು ಒರೆಸಿಕೊಂಡು ‘ಮಂದೆ ಇಲ್ದಿದ್ ನಾಯಿ ಇಲ್ಲಿದ್ದು ಏನ್ ಕಾಯ್ಬೇಕು, ನಿಮ್ ಟೀವೀನಾ?’ ಅಂದರು.

ಎಂಟು ದಿನಕ್ಕೆ ಅವರು ಬಂದು ಮಂದೆ ಹೊಡಕೊಂಡು ಹೋದರು. ಕರಿಯ ಹಟ್ಟಿಯ ತಿರುವಿನ ತನಕ ಎರಡು ಮೂರು ಸಲ ನಿಂತು ಹಿಂದೆ ನೋಡಿತು. ಆಮೇಲೆ ಕುರಿಗಳ ಹಿಂದೆ ಹೋಯಿತು. ಬಾಗಿಲ ಹತ್ತಿರ ಮಂಚ ಹಾಕಿಸಿಕೊಂಡಿದ್ದ ತಾತ ಧೂಳು ಇಳಿಯುವ ತನಕ ನೋಡಿದರು. ಕರಿಯ ಹೊಸ ಮಂದೆಗೆ ಹೊಂದಿಕೊಂಡಿದೆ, ಮರಿ ಹತ್ತಿರ ಬೇರೆ ನಾಯಿ ಬಿಡಲ್ಲ ಅಂತ ಫೋನಿನಲ್ಲಿ ಸುದ್ದಿ ಬರ್ತಾ ಇರುತ್ತೆ. ಪ್ರತಿ ಸಲ ಸುದ್ದಿ ಬಂದಾಗಲೂ ತಾತನಿಗೆ ಹೇಳ್ತಾರೆ. ತಟ್ಟುವ ಭಾಷೆ ಮಾತ್ರ ಮನೆಯಲ್ಲಿ ಉಳಿದಿದೆ. ಸಾರಿಗೆ ಉಪ್ಪು ಸಾಕಾ ಅಂದರೆ ಈಗ ಅಜ್ಜಿಗೆ ದಿನಾ ಒಂದೇ ಏಟು ಕೇಳಿಸುತ್ತೆ. ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದಿದ್ದಾರೆ, ಜಗಳ ನಡೀತಾ ಇದೆ.

ಪುಸ್ತಕದ ಕೊನೆಯ ಅಧ್ಯಾಯಗಳನ್ನು ಮೊಳಕಾಲ್ಮೂರಿನ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ ರೇಷ್ಮೆ ಸೀರೆಯ ಮಗ್ಗ ಲಟಪಟ ಅನ್ನುತ್ತಿರುವಾಗ ಓದಿ ಮುಗಿಸಿದ್ವಿ. ಮಾರನೇ ದಿನ ಬೈಕಿನಲ್ಲಿ ಬ್ರಹ್ಮಗಿರಿಗೆ ಹೋದ್ವಿ. ಸ್ಕೂಲಿನಲ್ಲಿ ‘ಅಶೋಕನ ಶಾಸನ ಇರುವ ಸ್ಥಳ’ ಅಂತ ಒಂದು ಮಾರ್ಕಿಗೆ ಬರೆದದ್ದು ಬಿಟ್ಟರೆ ಅದರಲ್ಲಿ ಏನಿದೆ ಅಂತ ಯಾರು ನೋಡಿದ್ದರು? ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಶಾಸನ ಅದು. ತಂದೆ ತಾಯಿಯ, ಹಿರಿಯರ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಗಟ್ಟಿಯಾಗಿರಬೇಕು, ಸತ್ಯ ಹೇಳಬೇಕು ಅನ್ನೋ ಅರ್ಥದ ಮಾತು ಅದರಲ್ಲಿದೆ. ಹಿರಿಯರು, ಪ್ರಾಣಿಗಳು, ಎರಡೂ ಒಂದೇ ಬಂಡೆಯ ಮೇಲೆ, 2,200 ವರ್ಷಕ್ಕೂ ಹಿಂದೆ. ಹಟ್ಟಿಯಿಂದ ನೇರ ಬಂದಿದ್ದ ನಮಗೆ ಅಲ್ಲಿ ಜಾಸ್ತಿ ಮಾತು ಬರಲಿಲ್ಲ.

ಶಿಫಾರಸು ಮಾಡುವಾಗ ಕೊರತೆಯನ್ನೂ ಹೇಳಬೇಕು. ಡೆನ್ನಿ ಸ್ವಲ್ಪ ಜಾಸ್ತಿಯೇ ಒಳ್ಳೆಯವನು. ಅತ್ತೆ ಮಾವ ಮಾತ್ರ ನಮ್ಮ ಟಿವಿ ಧಾರಾವಾಹಿಯ ವಿಲನ್‌ಗಳ ಹಾಗೆ, ಅವರಿಗೂ ಮಗಳನ್ನು ಕಳಕೊಂಡ ದುಃಖ ಇದೆ ಅನ್ನೋದನ್ನು ಲೇಖಕರು ಇನ್ನೂ ಸ್ವಲ್ಪ ಬರೆಯಬಹುದಿತ್ತು. ನಡುವೆ ಡೆನ್ನಿಯ ಮೇಲೆ ಒಂದು ಸುಳ್ಳು ಆರೋಪ ಬರುತ್ತೆ. ಆ ಹುಡುಗಿಯ ಪಾತ್ರ ಬರೆದ ರೀತಿ ನಮ್ಮಿಬ್ಬರಲ್ಲಿ ಒಬ್ಬರಿಗೆ ಸರಿ ಅನ್ನಿಸಲೇ ಇಲ್ಲ. ಆ ಜಗಳ ಇನ್ನೂ ಮುಗಿದಿಲ್ಲ. ಕೊನೆಗೆ ಕಣ್ಣೀರು ಬರಿಸಲೇಬೇಕು ಅಂತ ಹಟ ಹಿಡಿದು ಬರೆದ ಹಾಗೂ ಕೆಲವರಿಗೆ ಕಾಣಬಹುದು. ಕಣ್ಣೀರಂತೂ ಬರುತ್ತೆ, ಆದ್ದರಿಂದ ದೂರಿನಲ್ಲಿ ಅರ್ಥ ಇಲ್ಲ.

2019ರಲ್ಲಿ ಸಿನಿಮಾ ಬಂದಿದೆ, ಎನ್ಜೊಗೆ ಕೆವಿನ್ ಕಾಸ್ಟ್ನರ್ ಧ್ವನಿ. ಮೊದಲು ಪುಸ್ತಕ, ಆಮೇಲೆ ಸಿನಿಮಾ. ಸಿನಿಮಾದಲ್ಲಿ ನೀವು ನಾಯಿಯನ್ನು ಹೊರಗಿನಿಂದ ನೋಡ್ತೀರಿ. ಪುಸ್ತಕದಲ್ಲಿ ಅದರ ಒಳಗೆ ಕೂತಿರ್ತೀರಿ, ಹೇಳಬೇಕಾದ್ದೆಲ್ಲಾ ಗಂಟಲಿಗೆ ಬಂದು ನಿಲ್ಲುತ್ತೆ. ಪುಸ್ತಕ ಓದಲೇಬೇಕು ಅನ್ನೋದು ಅದಕ್ಕೇ.

ಇಂಗ್ಲಿಷ್ ಸರಳವಾಗಿದೆ, ಅಧ್ಯಾಯಗಳು ಚಿಕ್ಕವು. ಮೆಸ್ಸಿನ ಕ್ಯೂನಲ್ಲಿ ನಿಂತು ಒಂದು ಮುಗಿಸಬಹುದು. ನಮ್ಮ ಪ್ರತಿ ಈಗ ಕನ್ನಡ ಸಂಘದ ಕಪಾಟಿನಲ್ಲಿದೆ, ಮುದ್ದೆಯ ಒಂದು ಕಲೆ ಬಿಟ್ಟರೆ ಚೆನ್ನಾಗೇ ಇದೆ. ರಿಜಿಸ್ಟರಿನಲ್ಲಿ ಹೆಸರು ಬರೆದು ಹತ್ತು ದಿನಕ್ಕೆ ಒಯ್ಯಬಹುದು. ಒಂದೇ ಷರತ್ತು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಮಾತು ನಿಂತವರು, ಕಣ್ಣು ಮಂಜಾದವರು, ಇಂಗ್ಲಿಷ್ ಬಾರದವರು ಯಾರಾದರೂ ಇದ್ದರೆ, ಒಂದು ಅಧ್ಯಾಯವನ್ನಾದರೂ ಅವರಿಗೆ ನಿಮ್ಮ ಊರಿನ ಕನ್ನಡದಲ್ಲಿ ಹೇಳಬೇಕು. ಪಿಟ್ ಸ್ಟಾಪ್ ಅನ್ನೋದಕ್ಕೆ ನಿಮ್ಮ ಕಡೆ ಏನಂದಿರಿ ಅಂತ ರಿಜಿಸ್ಟರಿನ ಕೊನೇ ಪುಟದಲ್ಲಿ ಬರೆದಿಡಿ. ಬೀದರಿನಿಂದ ಚಾಮರಾಜನಗರದವರೆಗೆ ಎಷ್ಟು ಥರ ಸಿಗುತ್ತೆ ನೋಡೋಣ.